ಅಮೀನರು ತಂದ ಕಾಗದಕ್ಕೆ ಬಾಗಿಲು ಹಾಕಿಕೊಳ್ಳಬೇಡಿ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸಾಲದ ಬಗ್ಗೆ ಮನೆಗೆ ಯಾವ ಕಾಗದ ಬಂದರೂ ‘ಕೋರ್ಟ್ ನೋಟೀಸು’ ಅಂದುಬಿಡುತ್ತಾರೆ. ವಕೀಲರ ಲೆಟರ್‌ಹೆಡ್ಡಿನಲ್ಲಿ ಬಂದದ್ದು ಲಾಯರ್ ನೋಟೀಸು ಅಷ್ಟೆ, ಕೇಸು ಇನ್ನೂ ಹಾಕಿರದೆಯೂ ಇರಬಹುದು. ಕೋರ್ಟಿನ ಮೊಹರು, ‘ಓ.ಎಸ್.’ (ಮೂಲ ದಾವೆ) ನಂಬರು, ಹಾಜರಾಗುವ ತಾರೀಖು ಇದ್ದರೆ ಅದು ಸಮನ್ಸು. ದಾವೆ ಹೂಡಿದವರು ವಾದಿ, ಸಾಲ ಪಡೆದ ನೀವು ಪ್ರತಿವಾದಿ.

ಸಮನ್ಸು ಬೇಡವೆಂದರೆ ಅದನ್ನು ತರುವ ಕೋರ್ಟಿನ ಸಿಬ್ಬಂದಿ, ಅಂದರೆ ಅಮೀನರು, ಅದನ್ನು ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ಕೋರ್ಟು ಅದನ್ನೇ ಜಾರಿ, ಅಂದರೆ ನಿಮಗೆ ತಲುಪಿದಂತೆ, ಎಂದು ಒಪ್ಪಬಹುದು. ಆಮೇಲೂ ನೀವು ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ, ಅಂದರೆ ವಾದಿಯ ಮಾತನ್ನಷ್ಟೇ ಕೇಳಿ ಕೊಡುವ ತೀರ್ಪು. ಸಾಲ ಅರ್ಧ ತೀರಿಸಿದ್ದರೂ ಹೇಳುವವರಿಲ್ಲದೆ ವಾದಿ ಕೇಳಿದ ಪೂರ್ತಿ ಮೊತ್ತಕ್ಕೆ ಆಗಿಬಿಡಬಹುದು. ಸಮನ್ಸು ತಲುಪಿದ 30 ದಿನದೊಳಗೆ ದಾವೆಗೆ ನಿಮ್ಮ ಉತ್ತರವಾದ ಲಿಖಿತ ಹೇಳಿಕೆ ಕೊಡಬೇಕು, ಕಾರಣ ಒಪ್ಪಿದರೆ ಕೋರ್ಟು 90 ದಿನದವರೆಗೆ ಬಿಡುತ್ತದೆ. ಏಕಪಕ್ಷೀಯ ಡಿಕ್ರಿ ರದ್ದು ಕೋರಲು 30 ದಿನ. ಸಮನ್ಸೇ ಸರಿಯಾಗಿ ಜಾರಿಯಾಗದಿದ್ದರೆ, ಡಿಕ್ರಿ ಗೊತ್ತಾದ ದಿನದಿಂದ ಎಣಿಕೆ.

ಕೈಸಾಲದಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಪ್ರೋನೋಟಿನಲ್ಲಿ, ಅಂದರೆ ಸಾಲ ತೀರಿಸುತ್ತೇನೆಂದು ಬರೆದುಕೊಡುವ ಪತ್ರದಲ್ಲಿ. ರೆವೆನ್ಯೂ ಸ್ಟಾಂಪಿನ ಮೇಲೆ ಹಾಯುವಂತೆ ರುಜು ಮಾಡಿ ಮೊತ್ತದ ಜಾಗ ಖಾಲಿ ಬಿಟ್ಟರೆ, ಅದನ್ನು ತುಂಬುವ ಅಧಿಕಾರ ಕೊಟ್ಟಂತೆಯೇ. ಕೇಳಿದಾಗ ಹಣ ಕೊಡುತ್ತೇನೆಂಬ ನೋಟಿನ ಮೇಲೆ ದಾವೆ ಹೂಡಲು ಕಾಲಮಿತಿ ಅದರ ತಾರೀಖಿನಿಂದ 3 ವರ್ಷ. ಅದು ಮುಗಿಯುವ ಮುನ್ನ ಐನೂರು ರೂಪಾಯಿ ಕಟ್ಟಿ ನೋಟಿನ ಬೆನ್ನಿಗೆ ಷರಾ ಬರೆದು ರುಜು ಹಾಕಿದರೂ, ಅಂದಿನಿಂದ ಮತ್ತೆ 3 ವರ್ಷ ಶುರು. ಕೊಟ್ಟದ್ದಕ್ಕೆಲ್ಲ ಸಾಲ ಕೊಟ್ಟವರ ರುಜುವಿರುವ ರಸೀದಿ ಇರಲಿ. ತೀರಿದ ದಿನ ನೋಟು ವಾಪಸ್ ಪಡೆಯದೆ ಎದ್ದು ಬರಬೇಡಿ.

ಇನ್ನು ಜಪ್ತಿ. ಅಡಮಾನವಿಲ್ಲದ ಸಂಘದ ಸಾಲಕ್ಕೆ ಕಂತು ಕೇಳಲು ಬಂದವನು ಟಿವಿ, ಪಾತ್ರೆ ಎತ್ತಿಕೊಂಡು ಹೋಗುವಂತಿಲ್ಲ. ಸಾಮಾನ್ಯವಾಗಿ ಡಿಕ್ರಿಯಾದ ಮೇಲೆ ಅದನ್ನು ಜಾರಿಗೆ ತರಲು ಅಮಲ್ಜಾರಿ ಅರ್ಜಿ ಹಾಕಿ, ಕೋರ್ಟು ವಾರಂಟು ಕೊಟ್ಟ ಮೇಲೆಯೇ ಜಪ್ತಿ. ಅರ್ಜಿಗೆ 12 ವರ್ಷದ ಅವಕಾಶವಿದೆ, ಹಾಗಾಗಿ ಮರೆತರೆಂದು ನೆಮ್ಮದಿಯಾಗಿರಬೇಡಿ. ಆಗಲೂ ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಬೇಸಾಯದ ಸಾಮಾನು, ಬಿತ್ತನೆ ಬೀಜ, ಜೀವನಕ್ಕೆ ಬೇಕೆಂದು ಕೋರ್ಟು ಒಪ್ಪಿದ ದನಗಳನ್ನು ಮುಟ್ಟುವಂತಿಲ್ಲ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೂ ಇಲ್ಲ. ಸಣ್ಣ ಸಾಲದ ವಸೂಲಿಯಲ್ಲಿ ಬಲವಂತ ಮಾಡುವವರಿಗೆ 2025ರ ರಾಜ್ಯದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲಿದೆ.

ವಕೀಲರಿಗೆ ದುಡ್ಡಿಲ್ಲವೆಂದು ತಾರೀಖು ತಪ್ಪಿಸಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಹೋಗುವಾಗ ಸಮನ್ಸು, ದಾವೆಯ ಪ್ರತಿ, ಕಂತಿನ ಪುಸ್ತಕ ಮೂರೂ ಕೈಯಲ್ಲಿರಲಿ.