ಮೈಸೂರಿಗೂ ಬಿಡದಿಗೂ ನಡುವೆ ಒಂದು ಬಾಡಿಗೆ ಮನೆ

2023ರ ಏಪ್ರಿಲ್‌ನಲ್ಲಿ ನನ್ನ ಪತಿಗೆ ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ನಾನು ಅದಕ್ಕೆ ಆರು ವರ್ಷ ಮೊದಲಿನಿಂದಲೂ ಮೈಸೂರಿನ ಸರಸ್ವತಿಪುರಂ ಕಡೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಇಬ್ಬರಲ್ಲಿ ಯಾರ ಕೆಲಸವೂ ಬಿಡುವಂಥದ್ದಾಗಿರಲಿಲ್ಲ; ಮಗಳಿಗೆ ಆಗ ನಾಲ್ಕು ವರ್ಷ. ಮೊದಲ ಆರು ವಾರ ಅವರು ಮೈಸೂರಿನ ನಮ್ಮ ಮನೆಯಿಂದಲೇ ಬಿಡದಿಗೆ ಹೋಗಿ ಬಂದರು. ಬೆಳಗಿನ ಜಾವ ಐದೂವರೆಗೆ ಮನೆ ಬಿಟ್ಟವರು ರಾತ್ರಿ ಎಂಟೂವರೆಗೆ ಬಂದು ಊಟದ ತಟ್ಟೆಯ ಮುಂದೆ ತೂಕಡಿಸುತ್ತಿದ್ದರು. ಮಗಳು ತಂದೆಯನ್ನು ಎಚ್ಚರವಾಗಿ ನೋಡುತ್ತಿದ್ದದ್ದು ಭಾನುವಾರ ಮಾತ್ರ. ಹೀಗೆ ನಡೆಯದು ಎಂದು ತೀರ್ಮಾನವಾದ ಮೇಲೆ, ನಡುವಿನ ಯಾವುದಾದರೂ ಊರಿನಲ್ಲಿ ಮನೆ ಮಾಡೋಣ ಎಂಬ ಮಾತು ಬಂತು.

ಈ ಮಾತು ಹೇಳುವಷ್ಟು ಸುಲಭವಾಗಿ ಊರು ಸಿಗುವುದಿಲ್ಲ. ಮೈಸೂರಿನಿಂದ ಬಿಡದಿಗೆ ರೈಲು ಹಾದಿಯಲ್ಲಿ ಸುಮಾರು 107 ಕಿ.ಮೀ. ಅದರ ಅರ್ಧಕ್ಕೆ ಗೆರೆ ಎಳೆದರೆ ಅದು ಮಂಡ್ಯ ದಾಟಿ, ಮದ್ದೂರು ಮುಟ್ಟುವ ಮೊದಲು ಗದ್ದೆಯ ನಡುವೆ ಎಲ್ಲೋ ಬೀಳುತ್ತದೆ. ನನ್ನ ಪತಿ ಲೆಕ್ಕದ ಮನುಷ್ಯ. ಒಂದು ಹಾಳೆಯ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು, ಚನ್ನಪಟ್ಟಣ ಎಂದು ಬರೆದು, ಪ್ರತಿಯೊಂದರ ಎದುರೂ ಎರಡೆರಡು ದೂರ ಗುರುತು ಮಾಡಿ, "ನ್ಯಾಯವಾಗಿ ನೋಡಿದರೆ ಮದ್ದೂರು" ಎಂದರು. ಆ ನ್ಯಾಯದ ಬಗ್ಗೆ ನನಗೆ ಆಗಲೇ ಅನುಮಾನವಿತ್ತು. ಆದರೆ ಅದು ಏನೆಂದು ಹೇಳಲು ನನಗೆ ಇನ್ನೂ ಮೂರು ವಾರ ಬೇಕಾಯಿತು.

ಅದೇ ವರ್ಷದ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿತ್ತು. ಆದ್ದರಿಂದ ನಮ್ಮ ನೆಂಟರೆಲ್ಲರೂ "ಈಗೇನು, ದಾರಿ ಆಗಿದೆಯಲ್ಲ, ಎಲ್ಲಿ ಬೇಕಾದರೂ ಇರಬಹುದು" ಎನ್ನುತ್ತಿದ್ದರು. 118 ಕಿ.ಮೀ. ಉದ್ದದ ಆ ರಸ್ತೆಯಿಂದ ಎರಡು ತುದಿಗಳ ಊರುಗಳು ಹತ್ತಿರವಾದದ್ದು ನಿಜ. ನಡುವಿನ ಊರುಗಳ ವಿಷಯ ಬೇರೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇವೆಲ್ಲಕ್ಕೂ ಬೈಪಾಸ್ ಆಯಿತು. ಹಿಂದೆ ಊರೊಳಗೇ ಹಾದು ಹೋಗುತ್ತಿದ್ದ ಮೈಸೂರು–ಬೆಂಗಳೂರು ತಡೆರಹಿತ ಬಸ್ಸುಗಳು ಈಗ ಊರಿನ ಹೊರಗೇ ಹಾದುಹೋಗುತ್ತವೆ. ಒಳಗೆ ಬರುವ ಬಸ್ಸು ಹೆದ್ದಾರಿಯಿಂದ ಇಳಿದು, ಹಳೆಯ ರಸ್ತೆಯಲ್ಲಿ ತೆವಳಿ, ನಿಲ್ದಾಣ ಸುತ್ತಿ, ಮತ್ತೆ ಮೇಲೆ ಹತ್ತಬೇಕು. ದೂರದವರಿಗೆ ಉಳಿದ ಸಮಯವನ್ನು ನಡುವಿನವರು ಹೀಗೆ ತೆರುತ್ತಾರೆ. ಇನ್ನು ಬೈಕಿನಲ್ಲಿ ಹೋಗಿ ಬರುತ್ತೇನೆಂದು ನನ್ನ ಪತಿ ಇಟ್ಟುಕೊಂಡಿದ್ದ ಯೋಚನೆಗೆ, ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಿದಾಗ ತೆರೆ ಬಿತ್ತು. ಸರ್ವೀಸ್ ರಸ್ತೆಯಲ್ಲಿ, ಕಬ್ಬು ತುಂಬಿದ ಟ್ರ್ಯಾಕ್ಟರ್‌ನ ಹಿಂದೆ ದಿನಕ್ಕೆರಡು ಸಲ ಅರವತ್ತು ಕಿ.ಮೀ. ಬೈಕ್ ಓಡಿಸುವುದನ್ನು ನಾನಂತೂ ಒಪ್ಪುತ್ತಿರಲಿಲ್ಲ.

ಕಾರಿನ ಮಾತೂ ಬಂತು. ಒಂದೇ ಕಾರು, ಎರಡು ದಿಕ್ಕು. ಪೆಟ್ರೋಲು, ಟೋಲು ಎರಡನ್ನೂ ಕೂಡಿಸಿ ನೋಡಿದ ಮೇಲೆ ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಹಾಗಾಗಿ ಉಳಿದದ್ದು ರೈಲು. ನನ್ನ ತಂದೆ ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದವರು. ಊರುಗಳ ಪಟ್ಟಿಯನ್ನು ಅವರ ಮುಂದಿಟ್ಟಾಗ ಅವರು ದೂರದ ಅಂಕಣವನ್ನು ನೋಡಲೇ ಇಲ್ಲ. "ಬೆಳಗಿನ ಗಾಡಿ ಎಲ್ಲರೂ ನೋಡ್ತಾರೆ. ನೀವು ಸಂಜೆ ಗಾಡಿ ನೋಡಿ. ಒಂದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಅದು ನಿಮ್ಮೂರಲ್ಲಿ ನಿಲ್ಲುತ್ತಾ, ಅದನ್ನು ಬರೆದುಕೊಳ್ಳಿ" ಎಂದರು. ನಮ್ಮ ಪಟ್ಟಿಯಲ್ಲಿ ಇಲ್ಲದ ಅಂಕಣ ಅದೇ ಆಗಿತ್ತು. ಕಾರ್ಖಾನೆಯಲ್ಲಿ ಹತ್ತು ನಿಮಿಷ ತಡವಾದರೆ ಮನೆಗೆ ಬರುವುದು ಹತ್ತು ನಿಮಿಷ ತಡವಾಗುವುದಿಲ್ಲ. ಮುಂದಿನ ಗಾಡಿ ಬರುವಷ್ಟು ಹೊತ್ತು ತಡವಾಗುತ್ತದೆ. ಸಣ್ಣ ನಿಲ್ದಾಣದ ಊರಿನಲ್ಲಿ ಆ ಅಂತರ ಗಂಟೆಗಟ್ಟಲೆ ಬೆಳೆಯುತ್ತದೆ.

ಈ ಅಂಕಣ ಸೇರಿದ ಮೇಲೆ ಪಟ್ಟಿಯ ರೂಪವೇ ಬದಲಾಯಿತು. ಪಾಂಡವಪುರ ಬೇಗ ಬಿದ್ದುಹೋಯಿತು: ಅದರ ರೈಲು ನಿಲ್ದಾಣ ಊರಿನಿಂದ ಕೆಲವು ಕಿ.ಮೀ. ಹೊರಗಿದೆ. ಬಸ್ಸಿನವರು ಅದನ್ನು ಬೇರೆ ಊರೆಂಬಂತೆ 'ಪಾಂಡವಪುರ ಸ್ಟೇಷನ್' ಎಂದೇ ಕೂಗುತ್ತಾರೆ. ನಿಲ್ದಾಣದ ಬಳಿ ಇದ್ದರೆ ಊರಿಲ್ಲ, ಊರಿನಲ್ಲಿದ್ದರೆ ನಿಲ್ದಾಣವಿಲ್ಲ. (ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟದ್ದರಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಅಪ್ಪ ಈಗಲೂ ಕೆಲವೊಮ್ಮೆ ಹಾಗೆಯೇ ಕರೆಯುತ್ತಾರೆ.)

ಶ್ರೀರಂಗಪಟ್ಟಣದ ಮೇಲೆ ನನಗೆ ಆಸೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮೈಸೂರಿಗೆ ಹದಿನೈದು ಕಿ.ಮೀ., ಸುತ್ತ ಕಾವೇರಿ, ನಿಲ್ದಾಣ ಕೋಟೆಯ ಒಳಗೇ ಇದೆ. ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ ಮೇಲೆಯೇ ಈ ಮಾರ್ಗ ಪೂರ್ತಿ ಜೋಡಿ ಹಳಿಯಾದದ್ದು. ಇವತ್ತು ನಾವು ಎದುರು ಗಾಡಿಗಾಗಿ ಕಾಯದೆ ಓಡಾಡುತ್ತಿದ್ದೇವೆಂದರೆ ಅದಕ್ಕೆ ಆ ಕಟ್ಟಡ ಜಾಗ ಬಿಟ್ಟುಕೊಟ್ಟದ್ದೂ ಕಾರಣ. ಆದರೆ ದ್ವೀಪದ ಒಳಗೆ ಬಾಡಿಗೆಗೆ ಸಿಗುವ ಹೊಸ ಮನೆ ಅಪರೂಪ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ಗೂ ಅನುಮತಿ ಬೇಕು. ಆ ಊರಿನಲ್ಲಿ ಸ್ಮಾರಕದಿಂದ ದೂರ ಹೋಗುವುದೇ ಕಷ್ಟ. ಅದಕ್ಕಿಂತ ಮುಖ್ಯವಾಗಿ, ನನ್ನ ಪತಿಯ ಪಾಲಿಗೆ ಅದು ಮೈಸೂರೇ. ಉಳಿಯುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಚನ್ನಪಟ್ಟಣದ ಮೇಲೆ ಆಸೆಯಿದ್ದದ್ದು ಅವರಿಗೆ. ಅವರ ಕಾರ್ಖಾನೆಯ ಬಸ್ಸು ಅಲ್ಲಿಯವರೆಗೆ ಬರುತ್ತಿತ್ತು. ಅಲ್ಲಿ ಮನೆ ಮಾಡಿದರೆ ಅವರು ಅರ್ಧ ಗಂಟೆಯಲ್ಲಿ ಕಾರ್ಖಾನೆಯ ಗೇಟಿನಲ್ಲಿರುತ್ತಿದ್ದರು, ನಾನು ದಿನಕ್ಕೆ 160 ಕಿ.ಮೀ.ಗಿಂತ ಹೆಚ್ಚು ರೈಲಿನಲ್ಲಿರುತ್ತಿದ್ದೆ. ಹೀಗೆ ಆಸೆ ಪಟ್ಟ ಎರಡೂ ಊರುಗಳನ್ನು ಬಿಟ್ಟುಕೊಟ್ಟು ಮದ್ದೂರು, ಮಂಡ್ಯ ಎರಡರ ಮುಂದೆ ನಿಂತೆವು.

ಮದ್ದೂರಿನಲ್ಲಿ ಒಂದು ಮನೆಯನ್ನು ಬಹುತೇಕ ಒಪ್ಪಿಯೂ ಆಗಿತ್ತು. ಮುಂಗಡ ಕೊಡುವ ಹಿಂದಿನ ದಿನ ಕಾಲೇಜಿನಲ್ಲಿದ್ದಾಗ ಮಗಳ ಶಾಲೆಯಿಂದ ಕರೆ ಬಂತು, ಮಗುವಿಗೆ ಜ್ವರ, ಬಂದು ಕರೆದುಕೊಂಡು ಹೋಗಿ ಎಂದು. ಆಗಿನ್ನೂ ಮೈಸೂರಿನಲ್ಲೇ ಇದ್ದೆವಾದ್ದರಿಂದ ಕಾಲು ಗಂಟೆಯಲ್ಲಿ ಹೋದೆ. ಆಟೋದಲ್ಲಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಾಗ ನನ್ನ ಅನುಮಾನಕ್ಕೆ ಮಾತು ಸಿಕ್ಕಿತು. ಮದ್ದೂರಿನಲ್ಲಿ ನಾವಿಬ್ಬರೂ ಹೆಚ್ಚುಕಡಿಮೆ ಸಮಾನವಾಗಿ ದೂರದಲ್ಲಿರುತ್ತೇವೆ. ಅಂದರೆ ಇಂಥ ಹೊತ್ತಿನಲ್ಲಿ ಇಬ್ಬರೂ ಬೇಗ ಬರಲಾರೆವು. ದೂರವನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು ಗಂಡ ಹೆಂಡಿರ ನಡುವಿನ ನ್ಯಾಯ ಇರಬಹುದು, ಮಗುವಿನ ಪಾಲಿಗೆ ಅದು ನ್ಯಾಯವಲ್ಲ. ನನ್ನ ತರಗತಿ ನಾಲ್ಕೂವರೆಗೆ ಮುಗಿಯುತ್ತದೆ, ಅಗತ್ಯ ಬಿದ್ದರೆ ಸಹೋದ್ಯೋಗಿಗೆ ಪಾಠ ಒಪ್ಪಿಸಿ ಹೊರಡಬಹುದು. ಕಾರ್ಖಾನೆಯ ಸಾಲಿನಲ್ಲಿ ನಿಂತವರಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಮನೆ ನನ್ನ ಕಡೆಗೆ ವಾಲಬೇಕು. ಇದನ್ನು ಮನೆಯಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನಗೆ ದಿನಕ್ಕೆ ನಲವತ್ತು ನಿಮಿಷ ಜಾಸ್ತಿ" ಎಂದರು. ದೂರುವ ದನಿಯೇನೂ ಇರಲಿಲ್ಲ, ಲೆಕ್ಕ ಹೇಳಿದರಷ್ಟೆ. ನಾನು ಹೌದೆಂದೆ. ಆ ನಲವತ್ತು ನಿಮಿಷದ ಋಣ ಇನ್ನೂ ಇದೆ. ಮನೆಯ ದಿನಸಿ, ಗ್ಯಾಸ್, ಕರೆಂಟ್ ಬಿಲ್ಲು, ಶಾಲೆಯ ಸಭೆ ಎಲ್ಲವೂ ಅಂದಿನಿಂದ ನನ್ನ ಪಾಲಿಗೆ ಬಂದಿವೆ.

ಮಂಡ್ಯ ಮೈಸೂರಿನಿಂದ ರೈಲಿನಲ್ಲಿ ಸುಮಾರು 45 ಕಿ.ಮೀ. 1939ರಿಂದ ಜಿಲ್ಲಾ ಕೇಂದ್ರ. ಬಾಡಿಗೆದಾರರಿಗೆ ಜಿಲ್ಲಾ ಕೇಂದ್ರ ಎಂಬ ಮಾತಿನ ಅರ್ಥ ಕಚೇರಿಗಳಲ್ಲ: ಹೆಚ್ಚಿನ ಗಾಡಿಗಳು ನಿಲ್ಲುತ್ತವೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ರಾತ್ರಿ ಒಂಬತ್ತಕ್ಕೂ ಆಟೋ ಸಿಗುತ್ತದೆ, ವರ್ಗಾವಣೆಯಾಗಿ ಬಂದು ಹೋಗುವ ನೌಕರರಿಂದಾಗಿ ಬಾಡಿಗೆ ಮನೆಗಳಿಗೆ ಅಭಾವವಿಲ್ಲ. ಅಶೋಕನಗರ, ವಿದ್ಯಾನಗರ, ಬಂದೀಗೌಡ ಬಡಾವಣೆ ಎಲ್ಲವನ್ನೂ ಒಂದು ಸೋಮವಾರ ಸುತ್ತಿದೆವು. ಭಾನುವಾರ ಬೇಡವೆಂದು ನಾನೇ ಹಟ ಹಿಡಿದಿದ್ದೆ. ಭಾನುವಾರ ನೋಡಿದರೆ ಎಲ್ಲ ಊರೂ ಚೆನ್ನ, ಎಲ್ಲ ರಸ್ತೆಯೂ ಖಾಲಿ. ಕೊನೆಗೆ ನಿಲ್ದಾಣಕ್ಕೆ ಹನ್ನೆರಡು ನಿಮಿಷ ನಡಿಗೆಯ ದೂರದಲ್ಲಿ ಮೊದಲ ಮಹಡಿಯ ಮನೆ ಸಿಕ್ಕಿತು. ಮೈಸೂರಿನಲ್ಲಿ 17,000 ರೂಪಾಯಿ ಕೊಡುತ್ತಿದ್ದವರಿಗೆ ಇಲ್ಲಿ 11,000. ಮನೆಯ ಒಡತಿ ಕೆಳಗೇ ಇರುತ್ತಾರೆ. ಮೊದಲ ದಿನವೇ ಕಿಟಕಿಯ ಕಡೆ ಕೈ ತೋರಿಸಿ, "ಮೆಶ್ ಹಾಕ್ಸಿದೀನಿ ಕಣವ್ವ, ಆದ್ರೂ ಸಂಜೆ ಆರ್ ಗಂಟೆಗೆ ಮುಚ್ಬುಡು, ಗದ್ದೆ ಊರು ಇದು" ಎಂದರು. ವಿಶ್ವೇಶ್ವರಯ್ಯ ನಾಲೆಯ ನೀರು ಕಬ್ಬನ್ನೂ ಭತ್ತವನ್ನೂ ಬೆಳೆಸಿದಂತೆ ಸೊಳ್ಳೆಯನ್ನೂ ಬೆಳೆಸಿದೆ.

ಬೆಳಗ್ಗೆ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ನಾನು ನಿಲ್ದಾಣಕ್ಕೆ ನಡೆಯುತ್ತೇನೆ: ಹನ್ನೆರಡು ನಿಮಿಷ. ಗಾಡಿಗೆ ಕಾಯುವುದು ಹತ್ತು. ಪ್ರಯಾಣ ಐವತ್ತು. ಮೈಸೂರು ನಿಲ್ದಾಣದಿಂದ ಕಾಲೇಜಿಗೆ ನಡೆದರೆ ಇಪ್ಪತ್ತೈದು, ಆಟೋ ಹಿಡಿದರೆ ಹತ್ತು. ಐವತ್ತು ನಿಮಿಷದ ದಾರಿ ಎಂದು ಎಲ್ಲರಿಗೂ ಹೇಳುತ್ತೇನೆ, ಆದರೆ ಬಾಗಿಲಿನಿಂದ ಬಾಗಿಲಿಗೆ ಒಂದೂವರೆ ಗಂಟೆ. ಅವರದು ನನಗಿಂತ ಮೊದಲು ಹೊರಡುವ ಗಾಡಿ, ಬಿಡದಿಯಲ್ಲಿ ಇಳಿದು ಶೇರ್ ಆಟೋ. ಒಂದು ಮುಕ್ಕಾಲು ಗಂಟೆ. ಗಾಡಿಯೊಳಗೆ ಸೀಸನ್ ಪಾಸಿನವರದೇ ರಾಜ್ಯ. ಯಾವ ಬೋಗಿಯ ಯಾವ ಕಿಟಕಿ ಯಾರದೆಂಬುದು ಎಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತಿರುತ್ತದೆ. ಮೊದಲ ತಿಂಗಳು ನಾನು ಬಾಗಿಲ ಬಳಿ ನಿಂತೆ, ಎರಡನೆಯ ತಿಂಗಳು "ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ನಾಲ್ಕನೆಯವಳಾಗಿ ಕೂರಿಸಿಕೊಂಡರು. ನನ್ನ ಪತಿ ಮೂರು ತಿಂಗಳ ಪಾಸು ಮಾಡಿಸುತ್ತಾರೆ, ಏಕೆಂದರೆ ಅದರ ದರ ತಿಂಗಳ ಪಾಸಿನ ಮೂರರಷ್ಟಲ್ಲ, 2.7ರಷ್ಟು. ನಾನು ತಿಂಗಳ ಪಾಸಿನಲ್ಲೇ ನಿಂತಿದ್ದೇನೆ. 2023ರ ಜೂನ್ 11ರಂದು, ನಾವು ಮಂಡ್ಯಕ್ಕೆ ಸಾಮಾನು ಸಾಗಿಸಿದ ವಾರದಲ್ಲೇ, ಶಕ್ತಿ ಯೋಜನೆ ಬಂತು. ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತ. ನಮ್ಮ ಹಾಳೆಯ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಸಂಜೆ ಗಾಡಿ ತಪ್ಪಿದರೆ ಸಬರ್ಬನ್ ನಿಲ್ದಾಣಕ್ಕೆ ಹೋಗಿ ಆಧಾರ್ ತೋರಿಸಿ ಬಸ್ ಹತ್ತುತ್ತೇನೆ. ಸೀಟು ಸಿಗುವುದು ಕಡಿಮೆ. ಆದರೂ ಗಾಡಿ ತಪ್ಪಿತೆಂಬ ಭಯ ನನಗಿಲ್ಲ. ಅವರಿಗೆ ಅದು ಈಗಲೂ ಇದೆ.

ನಡುವಿನ ಊರಿನಲ್ಲಿ ಇರುವವರಿಗೆ ಎರಡೂ ಕಡೆಯ ಕೆಟ್ಟ ದಿನಗಳು ಸೇರುತ್ತವೆ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿತ್ತು. ಅಂಥ ಮಳೆ ಬಂದ ದಿನ ಅವರು ಎಷ್ಟು ಹೊತ್ತಿಗೆ ಬರುತ್ತಾರೋ ಎಂದು ಫೋನು ಹಿಡಿದು ಕೂರುತ್ತೇನೆ. ಇನ್ನು ಕಾವೇರಿ. ನೀರು ಬಿಡುವ ಆದೇಶ ಬಂದರೆ ಚಳವಳಿಯ ಮೊದಲ ಕಿಡಿ ಮಂಡ್ಯದಲ್ಲಿ. ಸಂಜಯ ವೃತ್ತದಲ್ಲಿ ಜನ ಕೂತರೆಂದರೆ ಊರಿನ ಓಡಾಟ ನಿಂತಂತೆ. 2023ರ ಸೆಪ್ಟೆಂಬರ್ 23ರ ಮಂಡ್ಯ ಬಂದ್ ದಿನ ಮೈಸೂರಿನಲ್ಲಿ ಕಾಲೇಜು ಇತ್ತು, ಬಿಡದಿಯಲ್ಲಿ ಕಾರ್ಖಾನೆಯೂ ನಡೆಯುತ್ತಿತ್ತು, ನಾವಿಬ್ಬರೂ ಮನೆಯಲ್ಲಿದ್ದೆವು. ಎರಡೂ ಕಡೆ ರಜೆ ಕಳೆಯಿತು. ಒಡತಿಗೆ ಹೇಳಿದರೆ, "ನೀರಿಲ್ದೆ ಹೋದ್ರೆ ನಿನ್ ಕಾಲೇಜ್ ಇಟ್ಕೊಂಡ್ ಏನ್ ಮಾಡೀಯೆ ಮಗಾ" ಎಂದರು. ಅವರಿಗೆ ಎರಡು ಎಕರೆ ಗದ್ದೆಯಿದೆ.

ಕಳೆದ ತಿಂಗಳು ಒಬ್ಬ ಪರಿಚಿತರು ಬೈಪಾಸಿನ ಪಕ್ಕದ ಹೊಸ ಬಡಾವಣೆಯೊಂದರಲ್ಲಿ ನಿವೇಶನ ತೋರಿಸಲು ಕರೆದುಕೊಂಡು ಹೋದರು. ಹೆದ್ದಾರಿ ಕಣ್ಣಿಗೆ ಕಾಣುತ್ತದೆ, ಒಳ್ಳೆಯ ಹೂಡಿಕೆ ಎಂಬುದು ಅವರ ವಾದ. ಹೆದ್ದಾರಿ ಕಾಣುವುದು ನಿಜ; ಅದರ ಮೇಲೆ ಹೋಗುವ ಬಸ್ಸು ಅಲ್ಲಿ ನಿಲ್ಲುವುದಿಲ್ಲ, ಅಲ್ಲಿಂದ ರೈಲು ನಿಲ್ದಾಣಕ್ಕೆ ನಡೆಯಲು ಆಗುವುದಿಲ್ಲ. ಅದೂ ಅಲ್ಲದೆ, ಇಬ್ಬರಲ್ಲಿ ಒಬ್ಬರ ಕೆಲಸ ಬದಲಾದರೂ ಮಂಡ್ಯ ನಮಗೆ ನಡುವಿನ ಊರಾಗಿ ಉಳಿಯುವುದಿಲ್ಲ. ನಿವೇಶನ ಬೇಡವೆಂದು ಹೇಳಿ, ಮಾರನೆಯ ವಾರ ಬಾಡಿಗೆಗೆ ಐನೂರು ರೂಪಾಯಿ ಸೇರಿಸಿ ಮತ್ತೆ ಹನ್ನೊಂದು ತಿಂಗಳಿಗೆ ಕರಾರು ಬರೆಸಿದೆವು.