ಗಾಣವೂ ನಿಮ್ಮದೇ, ಅಂಗಡಿಯೂ ನಿಮ್ಮದೇ ಆದರೆ ಲೆಕ್ಕದ ಪುಸ್ತಕ ಎರಡಿರಲಿ

ಚಳ್ಳಕೆರೆ ಸೀಮೆಯಲ್ಲಿ ಮರದ ಗಾಣ ಹಾಕಿ ಶೇಂಗಾ ಎಣ್ಣೆಯನ್ನು ನೇರವಾಗಿ ಮನೆಗಳಿಗೆ ಮಾರಲು ಹೊರಟವರು ಮೊದಲು ಎಡವುವುದು ಬೆಲೆಯಲ್ಲಿ. ನಡುವೆ ಅಂಗಡಿಯವನಿಲ್ಲ, ನಿಜ. ಆದರೆ ಬಾಟಲಿ ತುಂಬುವುದು, ಫೋನ್ ಎತ್ತುವುದು, ಸೋರಿದ ಪಾರ್ಸೆಲ್ ಬದಲಿಸಿಕೊಡುವುದು ಈಗ ನಿಮ್ಮ ತಲೆಗೇ ಬಂತಲ್ಲ!

ಉದಾಹರಣೆಗೆ, ಬೀಜ ಕಿಲೋಗೆ ₹130 ಅಂದುಕೊಳ್ಳಿ. 10 ಕಿಲೋ ಒಳ್ಳೆಯ ಬೀಜಕ್ಕೆ ಸುಮಾರು 4 ಲೀಟರ್ ಎಣ್ಣೆ, 6 ಕಿಲೋ ಹಿಂಡಿ. ಹಿಂಡಿ ₹40ರಂತೆ ಹೋದರೆ ₹240 ವಾಪಸ್. ಉಳಿದ ₹1,060ನ್ನು ನಾಲ್ಕರಿಂದ ಭಾಗಿಸಿದರೆ ಲೀಟರಿಗೆ ₹265. ಕರೆಂಟು, ಕೂಲಿ ₹25, ಗಾಣದ ಲಾಭ ₹20 ಸೇರಿ ₹310. ಗಾಣದ ಪುಸ್ತಕ ಇಲ್ಲಿಗೆ ಮುಗಿಯಿತು. ಅಂಗಡಿ ಪುಸ್ತಕದಲ್ಲಿ ಈ ₹310 ಖರೀದಿ ಬೆಲೆ. ಬಾಟಲಿ, ಲೇಬಲ್‌ಗೆ ₹15, ಮಾರುವವರ ದುಡಿಮೆಗೆ ₹35 ಸೇರಿಸಿ ₹360. ಜಿಎಸ್‌ಟಿ ನೋಂದಣಿ ಇದ್ದವರು ಇದರ ಮೇಲೆ ಶೇ. 5 ಲೆಕ್ಕ ಹಾಕಬೇಕು. ಹೊರರಾಜ್ಯಕ್ಕೆ ಒಂದೇ ಬಾಟಲಿ ಮಾರಿದರೂ ಆ ನೋಂದಣಿ ಬೇಕೇ ಬೇಕು.

ಬೀಜ ಆರಿಸುವುದರಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ. ಬೂಸಲು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ, ಗಾಣದ ಎಣ್ಣೆಗೆ ಆ ಹಂತವೇ ಇಲ್ಲ. ಮುರುಟಿದ್ದು, ಕಪ್ಪಾದದ್ದು, ಮುಗ್ಗಲು ವಾಸನೆಯದ್ದು ಕೈಯಲ್ಲೇ ಆರಿಸಿ ಎಸೆಯಬೇಕು. ಹಿಂಡಿಗೂ ಸೇರಬಾರದು, ಅದನ್ನು ತಿನ್ನುವುದು ಹಾಲು ಕೊಡುವ ಹಸು.

ತೆಗೆದ ಎಣ್ಣೆ ಸ್ಟೀಲ್ ಡ್ರಮ್ಮಿನಲ್ಲಿ ಎರಡು–ಮೂರು ದಿನ ಅಲುಗಾಡದೆ ತಿಳಿಯಾಗಲಿ. ಮೇಲಿನದನ್ನು ಬಟ್ಟೆಯಲ್ಲಿ ಸೋಸಿ ತುಂಬಿ. ಅವಸರಪಟ್ಟರೆ ಬಾಟಲಿಯ ತಳದಲ್ಲಿ ಮಡ್ಡಿ ಕೂರುತ್ತದೆ, ಕಾಯಿಸಿದಾಗ ನೊರೆ ಏಳುತ್ತದೆ, ಗಿರಾಕಿ ಕಲಬೆರಕೆ ಅಂದುಕೊಳ್ಳುತ್ತಾರೆ.

ಇನ್ನೊಂದು ತಕರಾರು ಅಳತೆಯದು. ಲೀಟರ್ ಶೇಂಗಾ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಮನೆಯ ತಕ್ಕಡಿಯಲ್ಲಿಟ್ಟವರು 90 ಗ್ರಾಂ ಕಡಿಮೆ ಎಂದು ಫೋನ್ ಮಾಡುತ್ತಾರೆ. ಲೇಬಲ್‌ನಲ್ಲಿ ಲೀಟರಿನ ಜೊತೆ ಗ್ರಾಂ ಕೂಡ ಹಾಕಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನಾಂಕ, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಹೇಗೂ ಇರಲೇಬೇಕು.

ಊರಿನ ಒಂದೆರಡು ಅಂಗಡಿಗೂ ಸರಕು ಹಾಕುತ್ತಿದ್ದರೆ ಅವರಿಗೆ ₹325 (ಮಾರುವ ದುಡಿಮೆಯ ₹35 ಅವರದು), ಗಿರಾಕಿಗೆ ಎಲ್ಲಿ ಕೊಂಡರೂ ₹360. ಗಾಣಕ್ಕೆ ಬಂದವರಿಗೆ ನೀವೇ ₹330ಕ್ಕೆ ಕೊಟ್ಟರೆ ಅಂಗಡಿಯವರ ಬಾಟಲಿ ಧೂಳು ಹಿಡಿಯುತ್ತದೆ, ಮುಂದಿನ ತಿಂಗಳು ಆರ್ಡರ್ ಬರುವುದಿಲ್ಲ.