ಅಕ್ಕನ ಬಾಣಂತನ

ಆರನೇ ತಿಂಗಳಲ್ಲಿ ಅಕ್ಕನ ಹಿಮೋಗ್ಲೋಬಿನ್ ಬರೀ 8.2, ಅಂದರೆ ರಕ್ತ ಕಡಿಮೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ದಿನವೂ ನುಂಗುತ್ತಿದ್ದಳು, ಆದರೆ ಚಹಾದ ಜೊತೆ. ಆ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ನಿಂಬೆ ಪಾನಕದ ಜೊತೆ ಶುರುಮಾಡಿದಳು.

2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು. ರೇಷನ್ ಮನೆಗೆ ಬಂದರೆ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ, ಸೊಸೆಯ ಪಾಲು ಕೊನೆಗೆ. ಅಲ್ಲೇ ಕೂತು ಉಂಡರೆ ಅವಳ ಹೊಟ್ಟೆಗೇ ಸೇರುತ್ತದೆ. ಆದರೆ ನಮ್ಮ ತೋಟದ ಮನೆಯಿಂದ ಅಂಗನವಾಡಿಗೆ ಒಂದೂವರೆ ಕಿಲೋಮೀಟರ್. ತುಂಬು ಬಸುರಿ ಆ ಬಿಸಿಲಲ್ಲಿ ಹೇಗೆ ನಡೆದಾಳು? ಅಮ್ಮ ಕೊಡೆ ಹಿಡಿದು ದಿನವೂ ಜೊತೆಗೆ ಹೋದಳು.

ಹೆರಿಗೆಯಾದ ದಿನ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲು ಅಂದರು ಅಜ್ಜಿ. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಈದ ಹಸುವಿನ ಗಿಣ್ಣುಹಾಲು ಮೊದಲು ಕರುವಿಗೆ ಬಿಡಬೇಕು ಅಂತ ನೀವೇ ಹೇಳ್ತೀರಲ್ಲ?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಕೂಸನ್ನೆತ್ತಿ ಅಕ್ಕನ ಎದೆಗಿಟ್ಟರು.

ಪಥ್ಯದ ವಿಷಯದಲ್ಲಿ ಮಾತ್ರ ಇನ್ನೂ ಜಗ್ಗಿಲ್ಲ. ಬಾಣಂತಿಗೆ ಸೊಪ್ಪು ಶೀತ ಅಂತಾರೆ. ನುಗ್ಗೆಸೊಪ್ಪು ಉಷ್ಣ ಅಲ್ವಾ, ನಾಳೆ ಅದರಿಂದಲೇ ಮಾತು ಶುರುಮಾಡ್ತೀನಿ.